ಬಾಗಿಲು ಹಾಕಿದ ದಿನಗಳ ಹೋಟೆಲು ಚರಿತ್ರೆ

ಸ್ಮರಣ ಸಂಚಿಕೆಗೆ ಹೋಟೆಲುಗಳ ಚರಿತ್ರೆ ಬರೆಯುವಾಗ ನಾವು ಸಾಮಾನ್ಯವಾಗಿ ಬಾಗಿಲು ತೆರೆದ ದಿನದಿಂದ ಶುರು ಮಾಡುತ್ತೇವೆ. ಯಾರು ಇಟ್ಟರು, ಯಾವ ಊರಿಂದ ಬಂದರು, ಆಗ ಒಂದು ಲೋಟ ಕಾಫಿಗೆ ಎಷ್ಟು ಕಾಸು, ಯಾವ ಸಾಹಿತಿ ಯಾವ ಮೂಲೆಯ ಮೇಜಿನಲ್ಲಿ ಕೂರುತ್ತಿದ್ದರು. ಇವೆಲ್ಲ ಬೇಕಾದ ವಿವರಗಳೇ. ಆದರೆ ಒಂದು ಹೋಟೆಲಿಗೂ ಅದರ ಗಿರಾಕಿಗೂ ಇದ್ದ ನಂಟು ಎಂಥದು ಎಂದು ತಿಳಿಯುವುದು ಬಾಗಿಲು ಹಾಕಿದ ದಿನಗಳಲ್ಲಿ. 2020ರ ಮಾರ್ಚ್‌ನಿಂದ 2022ರ ಜನವರಿಯವರೆಗೆ ಕೊರೊನಾದಿಂದಾಗಿ ಕರ್ನಾಟಕದ ಹೋಟೆಲುಗಳು ಹಲವು ಸಲ ಮುಚ್ಚಿದವು, ಹಲವು ಸಲ ಅರ್ಧ ತೆರೆದವು. ಆ ದಿನಗಳನ್ನು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಹೋಬಳಿಯ ಕಡೆಯಿಂದ ನೋಡಿ, ಅದಕ್ಕೂ ಹಿಂದಿನ ಕಷ್ಟಕಾಲಗಳ ಪಕ್ಕದಲ್ಲಿಟ್ಟು ಬರೆಯುವುದು ಈ ಲೇಖನದ ಉದ್ದೇಶ.

ಕುಣಿಗಲ್ ತಾಲ್ಲೂಕಿನವರಿಗೆ ಹೋಟೆಲೆಂದರೆ ಎರಡು ಬಗೆ. ಒಂದು ಹೆದ್ದಾರಿಯದು. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75 ಕುಣಿಗಲ್ ಮೇಲೆ, ಯಡಿಯೂರು ದಾಟಿ ಹಾಸನದ ಕಡೆಗೆ ಹೋಗುತ್ತದೆ. ಬೆಂಗಳೂರಿಂದ ಕುಣಿಗಲ್‌ಗೆ ಸುಮಾರು 70 ಕಿಲೋಮೀಟರ್. ನಸುಕಿಗೆ ಮನೆ ಬಿಟ್ಟವರಿಗೆ ಹಸಿವಾಗುವ ಹೊತ್ತಿಗೆ ಸರಿಯಾಗಿ ನಮ್ಮ ಸೀಮೆ ಬರುತ್ತದೆ. ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೊರಟ ಕುಟುಂಬಗಳು, ಕರಾವಳಿಯ ಊರುಗಳಿಗೆ ಹೋಗುವ ಬಸ್ಸುಗಳು, ಲಾರಿಯವರು, ಯಡಿಯೂರು ಸಿದ್ಧಲಿಂಗೇಶ್ವರನ ದರ್ಶನಕ್ಕೆ ಬಂದವರು, ಎಲ್ಲರೂ ಇಲ್ಲಿ ಗಾಡಿ ನಿಲ್ಲಿಸುತ್ತಾರೆ. ಇನ್ನೊಂದು ಹೋಬಳಿ ಕೇಂದ್ರದ ಹೋಟೆಲು. ಶೀಟಿನ ಮಾಡು, ಗೋಡೆಗೆ ಒರಗಿಸಿದ ಬೆಂಚು, ಬೆಳಿಗ್ಗೆ ಇಡ್ಲಿ ಚಿತ್ರಾನ್ನ, ಮಧ್ಯಾಹ್ನಕ್ಕೆ ಮುದ್ದೆ ಸಾರು. ಡೈರಿಗೆ ಹಾಲು ಹಾಕಿ ಬಂದವರು, ನಾಡಕಚೇರಿಗೆ ಪಹಣಿ ತೆಗೆಸಲು ಬಂದವರು, ಶಾಲೆಯ ಮೇಷ್ಟರು, ಬಸ್ಸಿನ ಕಂಡಕ್ಟರು ಇಲ್ಲಿನ ಗಿರಾಕಿಗಳು. ಹೆದ್ದಾರಿ ಹೋಟೆಲಿನ ವ್ಯಾಪಾರ ದೊಡ್ಡದು, ಆದರೆ ಅಲ್ಲಿ ತಿಂದು ಹೋದವರ ಹೆಸರು ಗಲ್ಲಾದಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ. ಹೋಬಳಿ ಹೋಟೆಲಿನ ವ್ಯಾಪಾರ ಸಣ್ಣದು, ಆದರೆ ಬಂದವರ ಮನೆ, ಜಮೀನು, ಮಕ್ಕಳು ಯಾವ ಕ್ಲಾಸಿನಲ್ಲಿದ್ದಾರೆ ಎಂಬುದೆಲ್ಲ ಗೊತ್ತಿರುತ್ತದೆ. ಕೊರೊನಾ ಬಂದಾಗ ಈ ವ್ಯತ್ಯಾಸ ಇಡೀ ಲೆಕ್ಕವನ್ನೇ ತಿರುಗಿಸಿತು. ದೊಡ್ಡ ಗಲ್ಲಾ ಖಾಲಿಯಾಯಿತು, ಸಣ್ಣ ಗಲ್ಲಾ ಹೇಗೋ ಉಸಿರಾಡಿತು.

ಇದು ಏಕೆ ಹೀಗಾಯಿತು ಎಂದು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಳೆಯ ಮೈಸೂರಿನ ಊರುಗಳಲ್ಲಿ ಹಿಂದೆ ದಾರಿಹೋಕರಿಗೆ ಇದ್ದದ್ದು ಛತ್ರ, ಮಠ, ಅರವಟ್ಟಿಗೆ. ದುಡ್ಡು ಕೊಟ್ಟು ಹೊರಗೆ ಉಣ್ಣುವುದು ಮರ್ಯಾದೆಯ ಕೆಲಸವೆಂದು ಎಷ್ಟೋ ಮನೆಗಳಲ್ಲಿ ಎಣಿಸುತ್ತಿರಲಿಲ್ಲ. ಯಾರು ಬೇಯಿಸಿದರೋ, ಯಾವ ನೀರೋ ಎಂಬ ಅಳುಕು. ಹೋಟೆಲು ಇಟ್ಟ ಮೊದಲ ತಲೆಮಾರಿನವರು ಗೆಲ್ಲಬೇಕಾಗಿದ್ದದ್ದು ಈ ಅಳುಕನ್ನು. ಅವರು ಕಾಫಿ ತಿಂಡಿಗಿಂತ ಮೊದಲು ನಂಬಿಕೆಯನ್ನು ಸಂಪಾದಿಸಬೇಕಿತ್ತು. ಸಾಂಕ್ರಾಮಿಕ ರೋಗದ ಕಾಲದಲ್ಲಿ ಅದೇ ಹಳೆಯ ಅಳುಕು ಹೊಸದಾಗಿ ಎದ್ದುಬರುತ್ತದೆ. ಹೋಟೆಲಿನವರು ಅದೇ ನಂಬಿಕೆಯನ್ನು ಮತ್ತೆ ಮೊದಲಿನಿಂದ ಸಂಪಾದಿಸಬೇಕಾಗುತ್ತದೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿಯಿತು. ಪೇಟೆಯ ಇಕ್ಕಟ್ಟಿನ ಬೀದಿಗಳನ್ನು ಬಿಟ್ಟು ಜನ ಬಸವನಗುಡಿ, ಮಲ್ಲೇಶ್ವರದಂಥ ಗಾಳಿ ಬೆಳಕಿನ ಬಡಾವಣೆಗಳಿಗೆ ನಡೆದರು. ಮುಂದೆ ಬೆಂಗಳೂರಿನ ಹೆಸರಾಂತ ತಿಂಡಿ ಹೋಟೆಲುಗಳು ಬೇರುಬಿಟ್ಟದ್ದು ಈ ಬಡಾವಣೆಗಳಲ್ಲೇ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಶುರುವಾದದ್ದು 1940ರ ದಶಕದ ಮೊದಲರ್ಧದಲ್ಲಿ. ಒಂದು ಮಾರಿ ಜನರನ್ನು ಚದುರಿಸಿದರೆ, ಚದುರಿದ ಜನ ನೆಲೆಸಿದ ಜಾಗದಲ್ಲಿ ಹೊಸ ಹೋಟೆಲು ಹುಟ್ಟುತ್ತದೆ. ಹಳ್ಳಿಗಳಲ್ಲಿ ಆಗ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇದ್ದ ಕಥೆಗಳನ್ನು ನಮ್ಮ ಅಜ್ಜಿಯರ ತಲೆಮಾರು ಹೇಳುತ್ತಿತ್ತು. ಆ ಕಾಲದಲ್ಲಿ ನಮ್ಮ ಕಡೆ ಮುಚ್ಚುವುದಕ್ಕೆ ಹೋಟೆಲುಗಳೇ ಇರಲಿಲ್ಲವೆನ್ನಬಹುದು.

ಒಂದು ಸಂಸ್ಥೆಯನ್ನು ಹಿಡಿದು ಈ ಚರಿತ್ರೆಯನ್ನು ಹೇಳಬೇಕೆಂದರೆ ಮಾವಳ್ಳಿ ಟಿಫಿನ್ ರೂಮ್ಸ್‌ಗಿಂತ ಒಳ್ಳೆಯ ಉದಾಹರಣೆ ಕರ್ನಾಟಕದಲ್ಲಿ ಇಲ್ಲ. ಎಂ.ಟಿ.ಆರ್. ಎಂದರೆ ಎಲ್ಲರಿಗೂ ಗೊತ್ತು. ಉಡುಪಿ ಕಡೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಲಾಲ್‌ಬಾಗಿನ ಬಳಿ ಬ್ರಾಹ್ಮಿನ್ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ ಅದನ್ನು ಶುರು ಮಾಡಿದರು. ಅವರಲ್ಲಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿ, ಶಿಸ್ತು ನೋಡಿ ಬಂದರು. ಬಂದವರು ಹೋಟೆಲಿನ ಹೆಸರನ್ನು ಬದಲಿಸಿದರು, ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಮಾಡುವ ಪದ್ಧತಿ ತಂದರು, ಒಳ್ಳೆಯ ಆಹಾರದ ಅಭ್ಯಾಸಗಳ ಬಗ್ಗೆ ಚಿಕ್ಕ ಪುಸ್ತಿಕೆಗಳನ್ನು ಅಚ್ಚು ಹಾಕಿಸಿ ಕೊಟ್ಟರು. 1960ರಲ್ಲಿ ಹೋಟೆಲು ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂತು.

ಈ ಪುಸ್ತಿಕೆಗಳ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕೆನ್ನಿಸುತ್ತದೆ. ತಿಂಡಿ ತಿಂದು ಬಿಲ್ಲು ಕೊಟ್ಟು ಹೊರಟ ಗಿರಾಕಿಯ ಕೈಗೆ ಓದಲು ಒಂದು ಹಾಳೆ ಕೊಡುವುದು ಎಂದರೆ, ನೀನು ಮನೆಗೆ ಹೋದ ಮೇಲೂ ನಿನ್ನ ಆರೋಗ್ಯ ನಮ್ಮ ಲೆಕ್ಕದಲ್ಲಿದೆ ಎಂದು ಹೇಳಿದ ಹಾಗೆ. 2020ರಲ್ಲಿ ಎಷ್ಟೋ ಹೋಟೆಲುಗಳು ವಾಟ್ಸ್‌ಆ್ಯಪಿನಲ್ಲಿ ಅಡುಗೆಮನೆಯ ಫೋಟೋ, ಮುಖಗವಸು ಹಾಕಿದ ಭಟ್ಟರ ಫೋಟೋ, ನಾಳಿನ ತಿಂಡಿಯ ಪಟ್ಟಿ ಕಳಿಸಿದವಲ್ಲ, ಆ ಕೆಲಸದ ಹಿರಿಯಣ್ಣ ಈ ಪುಸ್ತಿಕೆ. ಶುಚಿತ್ವವನ್ನು ಪಾಲಿಸಿದರೆ ಸಾಲದು, ಅದು ಗಿರಾಕಿಯ ಕಣ್ಣಿಗೆ ಬೀಳಬೇಕು ಎಂಬುದನ್ನು ಮಯ್ಯರು 70 ವರ್ಷಗಳ ಹಿಂದೆಯೇ ಕಂಡುಕೊಂಡಿದ್ದರು.

ಎಂ.ಟಿ.ಆರ್. ಎರಡು ದೊಡ್ಡ ಇಕ್ಕಟ್ಟುಗಳನ್ನು ಕಂಡಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದರು; ರವೆ ಇಡ್ಲಿ ಹುಟ್ಟಿದ್ದು ಹಾಗೆ ಎಂದು ಆ ಸಂಸ್ಥೆ ಹೇಳಿಕೊಳ್ಳುತ್ತದೆ. ಎರಡನೆಯದು 1975ರ ತುರ್ತುಪರಿಸ್ಥಿತಿ. ತಿಂಡಿ ಊಟವನ್ನು ತೀರಾ ಕಡಿಮೆ ಬೆಲೆಗೆ ಮಾರಬೇಕೆಂಬ ಕಟ್ಟಳೆ ಬಂತು. ಆ ಬೆಲೆಗೆ ತಮ್ಮ ಮಟ್ಟದ ತಿಂಡಿ ಕೊಡುವುದು ಆಗದ ಮಾತಾಗಿತ್ತು. ಅವರು ಮಟ್ಟ ಇಳಿಸಲಿಲ್ಲ, ಬೇರೆ ದಾರಿ ಹಿಡಿದರು. ಚಟ್ನಿಪುಡಿ, ಸಾರಿನ ಪುಡಿ, ದಿಢೀರ್ ಮಿಕ್ಸುಗಳನ್ನು ಪೊಟ್ಟಣ ಕಟ್ಟಿ ಮಾರಲು ಶುರು ಮಾಡಿದರು. ಹೋಟೆಲಿಗೆ ಬರಲಾಗದ ಗಿರಾಕಿಯ ಅಡುಗೆಮನೆಗೆ ಹೋಟೆಲಿನ ರುಚಿ ಹೋಯಿತು. ಕುಣಿಗಲ್ ಪೇಟೆಯ ದಿನಸಿ ಅಂಗಡಿಯಲ್ಲಿ ಆ ಪೊಟ್ಟಣ ಕೊಂಡ ಎಷ್ಟೋ ಜನ ಲಾಲ್‌ಬಾಗ್ ರಸ್ತೆಯ ಹೋಟೆಲಿನ ಮೆಟ್ಟಿಲು ಹತ್ತಿದವರೇ ಅಲ್ಲ. ಪೊಟ್ಟಣದ ವ್ಯವಹಾರ ಎಷ್ಟು ಬೆಳೆಯಿತೆಂದರೆ 2007ರಲ್ಲಿ ಎಂ.ಟಿ.ಆರ್. ಫುಡ್ಸ್ ಕಂಪನಿಯನ್ನು ನಾರ್ವೆ ದೇಶದ ಓರ್ಕ್ಲಾ ಕೊಂಡುಕೊಂಡಿತು. ಹೋಟೆಲು ಮಯ್ಯರ ಮನೆಯವರಲ್ಲೇ ಉಳಿಯಿತು. ಬಿಕ್ಕಟ್ಟಿನಲ್ಲಿ ತೆಗೆದುಕೊಂಡ ಒಂದು ನಿರ್ಧಾರ ಮೂಲ ಹೋಟೆಲಿಗಿಂತ ದೊಡ್ಡ ಮರವಾದ ಇಂಥ ನಿದರ್ಶನ ಅಪರೂಪ.

ಇಂಡಿಯಾ ಕಾಫಿ ಹೌಸಿನದು ಬೇರೆ ಪಾಠ. 1950ರ ದಶಕದಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಮನೆಗಳನ್ನು ಮುಚ್ಚುತ್ತ ಬಂದಾಗ, ಅಲ್ಲಿ ಕಾಫಿ ತಂದಿಡುತ್ತಿದ್ದ ನೌಕರರೇ ಸಹಕಾರ ಸಂಘ ಕಟ್ಟಿಕೊಂಡು ಅವನ್ನು ಮತ್ತೆ ತೆರೆದರು. ಅಂಥ ಮೊದಲ ಸಂಘ 1957ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಮುಂದೆ 2009ರಲ್ಲಿ ಎಂ.ಜಿ. ರಸ್ತೆಯ ಕಾಫಿ ಹೌಸ್ ಜಾಗ ಬಿಡಬೇಕಾಗಿ ಬಂದು ಚರ್ಚ್ ಸ್ಟ್ರೀಟಿಗೆ ಹೋದಾಗ ಹಳೆಯ ಗಿರಾಕಿಗಳು ಹುಡುಕಿಕೊಂಡು ಅಲ್ಲಿಗೆ ಹೋದರು. ಗೋಡೆ ಬದಲಾದರೂ ಬಡಿಸುವ ಮುಖಗಳು ಅವೇ ಇದ್ದದ್ದು ಇದಕ್ಕೆ ದೊಡ್ಡ ಕಾರಣವೆಂದು ನನ್ನ ಎಣಿಕೆ.

ಈಗ ನಮ್ಮ ಜಿಲ್ಲೆಗೆ ಬರೋಣ. ತುಮಕೂರಿನ ಹೋಟೆಲು ಪರಂಪರೆಯ ಕಿರೀಟ ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಸಿದ್ಧಗಂಗಾ ಮಠಕ್ಕೆ ತಿರುಗುವ ಕಡೆ, ಬೆಂಗಳೂರು ರಸ್ತೆಯ ಮಗ್ಗುಲಲ್ಲಿ ಇರುವ ಈ ಊರಿನ ಪವಿತ್ರ ಹೋಟೆಲಿನ ಹೆಸರು ಹೇಳಿದರೆ ಬೆಂಗಳೂರಿನವರೂ ತಲೆದೂಗುತ್ತಾರೆ. ಊಟದ ತಟ್ಟೆಯಷ್ಟು ಅಗಲವಿಲ್ಲದಿದ್ದರೂ ಅಂಗೈ ಮೀರಿದ ಅಗಲ, ಹತ್ತಿಯಂಥ ಮೆದು, ಮೇಲೊಂದು ಉಂಡೆ ಬೆಣ್ಣೆ, ಜೊತೆಗೆ ಕಾಯಿ ಚಟ್ನಿ. ಆ ಚಟ್ನಿಯ ಕಾಯಿ ಗುಬ್ಬಿ, ತಿಪಟೂರು, ಕುಣಿಗಲ್ ಸೀಮೆಯ ತೋಟಗಳದು. ತಟ್ಟೆ ಇಡ್ಲಿಗೆ ಒಂದು ಗುಣವಿದೆ, ಕೊರೊನಾ ಕಾಲದಲ್ಲಿ ಅದು ಬಹಳ ಉಪಯೋಗಕ್ಕೆ ಬಂತು. ದೋಸೆ ಕಾವಲಿಯಿಂದ ಎದ್ದ ಐದು ನಿಮಿಷಕ್ಕೆ ತನ್ನ ಗರಿಗರಿ ಕಳೆದುಕೊಳ್ಳುತ್ತದೆ. ಪೂರಿ ಕಟ್ಟಿದರೆ ಒದ್ದೆಯಾಗುತ್ತದೆ. ಇಡ್ಲಿಯನ್ನು ಬಾಳೆ ಎಲೆಯಲ್ಲಿ ಸುತ್ತಿ ಪೇಪರಿನಲ್ಲಿ ಕಟ್ಟಿದರೆ ಮನೆ ತಲುಪುವವರೆಗೂ ಬಿಸಿ ಇರುತ್ತದೆ, ತಣಿದರೂ ಹಬೆಗೆ ಇಟ್ಟು ಮತ್ತೆ ತಿನ್ನಬಹುದು. ಪಾರ್ಸೆಲಿಗೆಂದೇ ಹುಟ್ಟಿದ ತಿಂಡಿ ಅದು. 2020ರಲ್ಲಿ ಬಾಗಿಲಲ್ಲಿ ಅಡ್ಡ ಮೇಜಿಟ್ಟು ಪಾರ್ಸೆಲು ಮಾತ್ರ ಕೊಡಬೇಕಾದಾಗ, ದೋಸೆಯ ಹೆಸರಿನ ಮೇಲೆ ನಿಂತ ಹೋಟೆಲುಗಳು ಪಟ್ಟ ಪಾಡನ್ನು ಇಡ್ಲಿಯ ಹೋಟೆಲುಗಳು ಪಡಲಿಲ್ಲ.

ಇನ್ನು ಆ ದಿನಗಳ ಕ್ರಮ. ದೇಶದ ಮೊದಲ ಕೊರೊನಾ ಸಾವು 2020ರ ಮಾರ್ಚ್ 10ರಂದು ಕಲಬುರಗಿಯಲ್ಲಿ ಆಯಿತು. ಮಾರ್ಚ್ 27ಕ್ಕೆ ರಾಜ್ಯದ ಮೂರನೆಯ ಸಾವು ನಮ್ಮ ತುಮಕೂರು ಜಿಲ್ಲೆಯದೇ ಆಗಿತ್ತು. ಅಷ್ಟರಲ್ಲಿ ದೇಶವೆಲ್ಲ ಬೀಗ ಹಾಕಿಕೊಂಡಿತ್ತು. ರೈಲು ನಿಂತಿತು. 2017ರಲ್ಲಿ ಕುಣಿಗಲ್, ಯಡಿಯೂರಿನ ಮೇಲೆ ಬೆಂಗಳೂರು–ಹಾಸನ ರೈಲು ಬಂದು ಮೂರೇ ವರ್ಷವಾಗಿತ್ತು. ಸಾರಿಗೆ ಬಸ್ಸುಗಳು ಮತ್ತೆ ರಸ್ತೆಗೆ ಇಳಿದದ್ದು ಮೇ 19ಕ್ಕೆ. ದೇವಸ್ಥಾನಗಳು ತೆರೆದದ್ದು, ಹೋಟೆಲಿನಲ್ಲಿ ಕೂತು ತಿನ್ನಲು ಅನುಮತಿ ಸಿಕ್ಕಿದ್ದು ಜೂನ್ 8ಕ್ಕೆ. ಅಂದರೆ ಎರಡೂವರೆ ತಿಂಗಳು ಯಡಿಯೂರಿನ ಹೋಟೆಲುಗಳಿಗೆ ರಸ್ತೆಯೂ ಇಲ್ಲ, ದೇವರೂ ಇಲ್ಲ.

ಹೆದ್ದಾರಿ ಹೋಟೆಲುಗಳ ಸಂಕಟ ಆಗ ಬಯಲಾಯಿತು. ಅವರಿಗೆ ಗಿರಾಕಿಯನ್ನು ಕರೆದು ಮಾತಾಡಿಸಲು ಯಾವ ದಾರಿಯೂ ಇರಲಿಲ್ಲ. ವರ್ಷಕ್ಕೆ ನಾಲ್ಕು ಸಲ ಬಂದು ಅದೇ ಮೇಜಿನಲ್ಲಿ ಕೂತು ಅದೇ ಖಾಲಿ ದೋಸೆ ತಿನ್ನುತ್ತಿದ್ದ ಕುಟುಂಬದ ಫೋನ್ ನಂಬರು ಅವರ ಹತ್ತಿರ ಇರಲಿಲ್ಲ. ಊರಿನವರು ಅಲ್ಲಿಗೆ ಹೋಗುತ್ತಿದ್ದದ್ದು ಕಡಿಮೆ, ಅಲ್ಲಿನ ಬೆಲೆ ಊರಿನವರ ಬೆಲೆಯಲ್ಲ. ಅಡುಗೆಯವರು, ಸಪ್ಲೈಯರುಗಳು, ಕ್ಲೀನರುಗಳು ದೂರದ ಜಿಲ್ಲೆಗಳಿಂದ, ದೂರದ ರಾಜ್ಯಗಳಿಂದ ಬಂದವರು. ಸಿಕ್ಕ ಗಾಡಿ ಹಿಡಿದು ಊರಿಗೆ ಹೋದರು. ಮತ್ತೆ ತೆರೆದಾಗ ಕಟ್ಟಡ ಇತ್ತು, ಬೋರ್ಡು ಇತ್ತು, ಕೈರುಚಿ ಬದಲಾಗಿತ್ತು. ಹೋಟೆಲಿನ ಮುಖವೆಂದರೆ ಮಾಲೀಕನೊಬ್ಬನದೇ ಅಲ್ಲ. ಹೇಳುವ ಮುಂಚೆಯೇ ಸಕ್ಕರೆ ಕಡಿಮೆ ಹಾಕಿ ಕಾಫಿ ತಂದಿಡುವ ಹುಡುಗನದೂ ಹೌದು. ಆ ಎರಡೂವರೆ ತಿಂಗಳು ಕೆಲಸಗಾರರಿಗೆ ಊಟ, ವಸತಿ, ಅರ್ಧ ಸಂಬಳವಾದರೂ ಕೊಟ್ಟು ಉಳಿಸಿಕೊಂಡ ಮಾಲೀಕರು ಗಿರಾಕಿಗಳನ್ನೂ ಉಳಿಸಿಕೊಂಡರು. ಈ ಮಾತನ್ನು ಹೋಟೆಲು ಸಂಘಗಳ ಸಭೆಗಳಲ್ಲಿ ಇನ್ನೂ ಜೋರಾಗಿ ಹೇಳಬೇಕು.

ಹೋಬಳಿ ಕೇಂದ್ರಗಳ ಕಥೆ ಹೀಗಿರಲಿಲ್ಲ. ಮಾರ್ಚ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ನಮ್ಮ ಕಡೆಯ ಹುಡುಗರು ಗುಂಪು ಗುಂಪಾಗಿ ಊರಿಗೆ ಮರಳಿದರು. ಜುಲೈ 14ರಿಂದ ಬೆಂಗಳೂರಿಗೆ ಮತ್ತೆ ಒಂದು ವಾರ ಲಾಕ್‌ಡೌನ್ ಎಂದಾಗ ಇನ್ನೊಂದು ಅಲೆ ಬಂತು. ಹಳ್ಳಿಗಳಲ್ಲಿ ರಸ್ತೆಗೆ ಮುಳ್ಳುಬೇಲಿ ಎಳೆದು ಹೊರಗಿನವರು ಬರಬೇಡಿ ಎಂದು ಬೋರ್ಡು ಹಾಕಿದ್ದನ್ನು ಆಗಿನ ಪತ್ರಿಕೆಗಳಲ್ಲಿ ನಾವೆಲ್ಲ ನೋಡಿದ್ದೇವೆ. ಸ್ವಂತ ಊರಿಗೆ ಬಂದ ಮಗನನ್ನೇ ಅನುಮಾನದಿಂದ ನೋಡಿದ ಕಾಲ. ಊರಿನ ಹೋಟೆಲಿನವರ ಮೇಲೆ ಎರಡು ಕಡೆಯ ಒತ್ತಡ. ಬೆಂಗಳೂರಿಂದ ಬಂದವನಿಗೆ ಕಾಫಿ ಕೊಟ್ಟರೆ ಊರಿನವರು ಬರುವುದಿಲ್ಲ, ಕೊಡದಿದ್ದರೆ ಆ ಹುಡುಗನ ಅಪ್ಪ ಇಪ್ಪತ್ತು ವರ್ಷದ ಗಿರಾಕಿ. ಹಿಂಬಾಗಿಲಲ್ಲಿ ಪಾರ್ಸೆಲು ಇಟ್ಟು, ದುಡ್ಡು ಡಬ್ಬಿಗೆ ಹಾಕಿಸಿಕೊಂಡು, ಯಾರ ಮನಸ್ಸನ್ನೂ ನೋಯಿಸದೆ ದಾಟಿಸಿದವರಿದ್ದಾರೆ. ಅಂಥವರಿಗೆ ಯಾವ ಮ್ಯಾನೇಜ್‌ಮೆಂಟ್ ಕಾಲೇಜೂ ಇದನ್ನು ಕಲಿಸಿರಲಿಲ್ಲ.

ಹೋಬಳಿ ಹೋಟೆಲುಗಳ ಹತ್ತಿರ ಇದ್ದದ್ದು ಲೆಕ್ಕದ ಪುಸ್ತಕ. ಉದ್ದನೆಯ ನೋಟ್‌ಬುಕ್ಕು, ಒಂದೊಂದು ಹೆಸರಿಗೆ ಒಂದೊಂದು ಪುಟ. "ಅಣ್ಣ, ಬರ್ಕೊಳ್ಳಿ, ಬಟವಾಡೆ ಆದ್ಮೇಲೆ ಕೊಡ್ತೀನಿ" ಎಂದು ಹೋದವರ ಬಾಕಿಯ ಪುಟಗಳು. ಸಾಲ ಕೊಟ್ಟು ಕೆಟ್ಟ ಎಂದು ಹೋಟೆಲಿನವರನ್ನು ಬೈಯುವವರಿದ್ದಾರೆ. ಆದರೆ ಲಾಕ್‌ಡೌನ್ ಬಂದಾಗ ಆ ಪುಸ್ತಕವೇ ಊರಿನ ಗಿರಾಕಿಗಳ ಪಟ್ಟಿಯಾಯಿತು. ಯಾರಿಗೆ ಫೋನು ಮಾಡಬೇಕು, ಯಾರ ಮನೆಯಲ್ಲಿ ಒಬ್ಬರೇ ಇದ್ದಾರೆ, ಯಾವ ಮೇಷ್ಟರಿಗೆ ಅಡುಗೆ ಬರುವುದಿಲ್ಲ, ಯಾವ ಬ್ಯಾಂಕಿನವರು ರೂಮು ಮಾಡಿಕೊಂಡಿದ್ದಾರೆ ಎಂಬುದೆಲ್ಲ ಅದರಲ್ಲಿತ್ತು. ಫೋನು ಬರುತ್ತಿತ್ತು: "ಅಣ್ಣ, ನಾಳೆ ತೆಗಿತೀರಾ?" ಉತ್ತರವೂ ನೇರ: "ತೆಗಿತೀನಿ ಕಣಪ್ಪ, ಏಳೂವರೆ ಒಳಗೆ ಬಂದ್ಬಿಡು, ಆಮೇಲೆ ಪೊಲೀಸ್ನೋರು ಬರ್ತಾರೆ. ಡಬ್ಬಿ ತಗೊಂಡ್ ಬಾ." ಈ ನೇರ ಮಾತಿಗೆ ದೊಡ್ಡ ಬೆಲೆಯಿತ್ತು. ನಿಯಮ ವಾರಕ್ಕೊಂದು ಸಲ ಬದಲಾಗುತ್ತಿದ್ದಾಗ, ಇವತ್ತು ತೆರೆದಿದೆಯೋ ಇಲ್ಲವೋ ಎಂದು ಗೊತ್ತಿಲ್ಲದೆ ಎರಡು ಮೈಲಿ ನಡೆದು ಬಂದು ಬೀಗ ನೋಡಿ ಹೋದ ಗಿರಾಕಿ ಮತ್ತೆ ಬರುವುದಿಲ್ಲ. ತೆರೆಯುತ್ತೇವೆಂದು ಹೇಳಿದ ಹೊತ್ತಿಗೆ ತೆರೆದವರು, ತೆರೆಯದ ದಿನ ಮುಂಚೆಯೇ ತಿಳಿಸಿದವರು ಉಳಿದರು.

ಡಬ್ಬಿಯ ಮಾತು ಬಂತು. ನಡುವೆ ಮರೆಯಾಗಿದ್ದ ಸ್ಟೀಲಿನ ಕ್ಯಾರಿಯರು ಆ ದಿನಗಳಲ್ಲಿ ಮತ್ತೆ ಕಾಣಿಸಿಕೊಂಡಿತು. ಹೋಟೆಲಿನ ತಟ್ಟೆ ಲೋಟದ ಮೇಲೆ ಹೆದರಿಕೆ ಇದ್ದವರು ಮನೆಯ ಪಾತ್ರೆ ತಂದರು. ಸಾರು ಒಂದು ಡಬ್ಬಿಗೆ, ಮುದ್ದೆ ಒಂದಕ್ಕೆ. ಎಷ್ಟೋ ಕಡೆ ಹೋಟೆಲಿನವರು ದೋಸೆ ಹಿಟ್ಟು, ಇಡ್ಲಿ ಹಿಟ್ಟು ಅಳೆದು ಕೊಡತೊಡಗಿದರು. ಬೇಯಿಸಿದ್ದು ಬೇಡ ಎನ್ನುವವರು ಹಿಟ್ಟು ಒಯ್ದು ಮನೆಯಲ್ಲಿ ಹುಯ್ದುಕೊಂಡರು. 1975ರಲ್ಲಿ ಎಂ.ಟಿ.ಆರ್. ಮಾಡಿದ್ದು ಇದನ್ನೇ ತಾನೇ? ಯಂತ್ರವಿಲ್ಲ, ಬ್ರ್ಯಾಂಡಿಲ್ಲ, ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿದ ಒಂದು ಕೇಜಿ ಹಿಟ್ಟು. ಅದೇ ಬುದ್ಧಿ. ನಾಟಿ ಶೈಲಿಯ ಮಿಲಿಟರಿ ಹೋಟೆಲುಗಳು ಭಾನುವಾರದ ಕೋಳಿ ಸಾರಿಗೆ ಶನಿವಾರವೇ ಫೋನಿನಲ್ಲಿ ಬರೆದುಕೊಂಡು, ಬರೆದಷ್ಟನ್ನೇ ಬೇಯಿಸಿದವು. ಮಿಕ್ಕಿ ಹಾಳಾಗುವುದು ತಪ್ಪಿತು.

ಹೋಟೆಲು ಮುಚ್ಚಿದರೆ ಗಲ್ಲಾ ಮಾತ್ರ ಬಡವಾಗುವುದಿಲ್ಲ. ಹಾಲು, ತರಕಾರಿ, ಬಾಳೆ ಎಲೆ, ತೆಂಗು ಎಲ್ಲಕ್ಕೂ ಪೆಟ್ಟು. ಹೋಟೆಲುಗಳ, ಮದುವೆ ಮನೆಗಳ ಬೇಡಿಕೆ ನಿಂತು ನಂದಿನಿ ಹಾಲು ಉಳಿಯತೊಡಗಿದಾಗ ಸರ್ಕಾರ ಅದನ್ನು ಕೊಂಡು 2020ರ ಏಪ್ರಿಲ್‌ನಲ್ಲಿ ಕೊಳೆಗೇರಿಗಳ ಬಡವರಿಗೆ ಉಚಿತವಾಗಿ ಹಂಚಿತು. ನಮ್ಮ ಡೈರಿಗಳು ಹಾಲು ಹಾಕಿಸಿಕೊಳ್ಳುವುದನ್ನು ನಿಲ್ಲಿಸಲಿಲ್ಲ. ಬೆಳಿಗ್ಗೆ ಡೈರಿಗೆ ಬಂದವರು ಇದ್ದದ್ದರಿಂದಲೇ ಹೋಬಳಿ ಹೋಟೆಲುಗಳಿಗೆ ಬೆಳಗಿನ ಒಲೆ ಹಚ್ಚುವ ಧೈರ್ಯ ಬಂತು.

ನಗರದ ಹೋಟೆಲುಗಳಿಗೆ ಮೊಬೈಲ್ ಆ್ಯಪುಗಳು ಆಸರೆಯಾದವು. ಸ್ವಿಗ್ಗಿ 2014ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಕಂಪನಿ. ಬಾಗಿಲು ಮುಚ್ಚಿದ ಕಾಲದಲ್ಲಿ ಸ್ವಿಗ್ಗಿ, ಜೊಮ್ಯಾಟೊ ಇಲ್ಲದಿದ್ದರೆ ಎಷ್ಟೋ ಅಡುಗೆಮನೆಗಳ ಬೆಂಕಿ ಆರಿಹೋಗುತ್ತಿತ್ತು ಎಂಬುದು ನಿಜ. ಆದರೆ ಅದರೊಳಗೆ ಒಂದು ಸಂಕಟ ಬೆಳೆಯಿತು. ಆರ್ಡರು ಬರುತ್ತದೆ, ತಿಂಡಿ ಹೋಗುತ್ತದೆ, ತಿಂದವರು ಯಾರೆಂದು ಹೋಟೆಲಿಗೆ ತಿಳಿಯುವುದಿಲ್ಲ. ಹೆಸರು, ನಂಬರು, ಯಾವಾಗ ಏನು ತರಿಸುತ್ತಾರೆ ಎಂಬ ವಿವರವೆಲ್ಲ ಆ್ಯಪಿನವರ ಕೈಯಲ್ಲಿ. ಅದರ ಮೇಲೆ ಕಮಿಷನ್ನು. ನ್ಯಾಷನಲ್ ರೆಸ್ಟೋರೆಂಟ್ ಅಸೋಸಿಯೇಷನ್ ಆಫ್ ಇಂಡಿಯಾ 2021ರಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ಕೊಟ್ಟ ದೂರಿನಲ್ಲಿ ಗಿರಾಕಿಗಳ ವಿವರ ಮುಚ್ಚಿಡುವ ವಿಚಾರವೂ ಇತ್ತು, ಹೆಚ್ಚಿನ ಕಮಿಷನ್ನಿನ ವಿಚಾರವೂ ಇತ್ತು. ದೂರಿನ ಕೆಲವು ಅಂಶಗಳ ಮೇಲೆ ಆಯೋಗ 2022ರ ಏಪ್ರಿಲ್‌ನಲ್ಲಿ ತನಿಖೆಗೆ ಆದೇಶಿಸಿತು. ಗಿರಾಕಿಗಳು ನೇರವಾಗಿ ಹೋಟೆಲಿಗೇ ಫೋನು ಮಾಡಿ ತರಿಸಿಕೊಳ್ಳಲಿ ಎಂದು ಹೋಟೆಲಿನವರು ಪ್ರಚಾರವನ್ನೂ ಮಾಡಿದರು. ಹೆದ್ದಾರಿ ಹೋಟೆಲಿಗೂ ಆ್ಯಪಿನ ಮೇಲೆ ನಿಂತ ನಗರದ ಹೋಟೆಲಿಗೂ ಕಾಯಿಲೆ ಒಂದೇ: ವ್ಯಾಪಾರ ಇದೆ, ಪರಿಚಯ ಇಲ್ಲ. ಕೊತ್ತಗೆರೆಯಂಥ ಊರಿನ ಹೋಟೆಲಿಗೆ ನೋಟ್‌ಬುಕ್ಕಿನಲ್ಲಿ ಇದ್ದದ್ದು ಬೆಂಗಳೂರಿನ ಹೋಟೆಲಿಗೆ ಆಯೋಗದ ಬಾಗಿಲು ತಟ್ಟಿ ಕೇಳುವಂಥ ವಸ್ತುವಾಯಿತು.

2021ರ ಬೇಸಿಗೆ 2020ರ ಹಾಗಿರಲಿಲ್ಲ. ಮೊದಲ ಸಲ ಹೆದರಿಕೆ ಮುಂದೆ ನಡೆದಿತ್ತು, ರೋಗ ಹಿಂದೆ ಬಂತು. ಎರಡನೇ ಸಲ ರೋಗವೇ ಮನೆಮನೆಗೆ ಬಂತು. ಏಪ್ರಿಲ್ 27ರ ರಾತ್ರಿಯಿಂದ ರಾಜ್ಯ ಮತ್ತೆ ಮುಚ್ಚಿತು, ಮೇ 10ರಿಂದ ಕಟ್ಟುನಿಟ್ಟು ಹೆಚ್ಚಿತು. ಬೆಳಿಗ್ಗೆ 6ರಿಂದ 10 ಗಂಟೆಯೊಳಗೆ ದಿನಸಿ, ತರಕಾರಿ. ಹೋಟೆಲಿಗೆ ಪಾರ್ಸೆಲು ಮಾತ್ರ. ಆಗ ಹೋಟೆಲಿನ ಗಿರಾಕಿ ಬೇರೆಯಾದ. ಮನೆಮಂದಿಯೆಲ್ಲ ಜ್ವರದಲ್ಲಿ ಮಲಗಿ ಒಲೆ ಹಚ್ಚಲು ಯಾರೂ ಇಲ್ಲದ ಮನೆಗಳು, ಆಸ್ಪತ್ರೆಯ ಹೊರಗೆ ಕಾಯುವವರು, ಹಗಲು ರಾತ್ರಿ ಓಡಾಡುವ ಆಶಾ ಕಾರ್ಯಕರ್ತೆಯರು. ಗೇಟಿನ ಮೇಲೆ ನೇತುಹಾಕಿದ ಚೀಲದಲ್ಲಿ ಮೆತ್ತಗಿನ ಅನ್ನ, ತಿಳಿಸಾರು, ಇಡ್ಲಿ ಇಟ್ಟು, ದೂರದಿಂದ ಕೂಗಿ ಹೇಳಿ ಬರುತ್ತಿದ್ದರು. ಕೆಲವು ಹೋಟೆಲುಗಳು ಪಟ್ಟಿಯಿಂದ ಕರಿದದ್ದನ್ನೆಲ್ಲ ತೆಗೆದು ಮೆಣಸಿನ ಸಾರು, ಕಷಾಯ ಸೇರಿಸಿದವು. ಇಂದಿರಾ ಕ್ಯಾಂಟೀನುಗಳಲ್ಲಿ ಆ ಮೇ ತಿಂಗಳು ಬಡವರಿಗೆ ಮೂರು ಹೊತ್ತು ಉಚಿತ ಊಟ ಕೊಟ್ಟದ್ದನ್ನೂ ಇಲ್ಲಿ ನೆನೆಯಬೇಕು. ಕಾಯಿಲೆಯ ಮನೆಗೆ ಊಟ ಕಳಿಸಿದ ಹೋಟೆಲನ್ನು ಆ ಮನೆಯವರು ಮರೆಯುವುದಿಲ್ಲ. ದಾಸೋಹದ ನೆಲವಿದು. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನ ಹಾಕಿದ ಶಿವಕುಮಾರ ಸ್ವಾಮೀಜಿ 2019ರ ಜನವರಿಯಲ್ಲಿ ಲಿಂಗೈಕ್ಯರಾಗಿ ಇನ್ನೂ ಬಹಳ ಕಾಲ ಕಳೆದಿರಲಿಲ್ಲ. ವ್ಯಾಪಾರಕ್ಕೆ ಕೂತವರಲ್ಲೂ ಆ ಗಾಳಿ ಸೋಕಿರುತ್ತದೆ.

ಜೂನ್ 21ರಿಂದ ತುಮಕೂರೂ ಸೇರಿದಂತೆ 16 ಜಿಲ್ಲೆಗಳಲ್ಲಿ ಅರ್ಧದಷ್ಟು ಜನರನ್ನು ಕೂರಿಸಿ ಸಂಜೆ 5ರವರೆಗೆ ಹೋಟೆಲು ನಡೆಸಬಹುದೆಂದು ಆದೇಶವಾಯಿತು. ಸಂಜೆ 5ಕ್ಕೆ ಮುಚ್ಚುವುದೆಂದರೆ ಬೋಂಡ, ವಡೆ, ಸಂಜೆಯ ಕಾಫಿಯ ವ್ಯಾಪಾರ ಪೂರ್ತಿ ಹೋದ ಹಾಗೆ. ಸಣ್ಣ ಹೋಟೆಲಿಗೆ ಲಾಭ ಬರುವುದೇ ಆ ಹೊತ್ತಿನಲ್ಲಿ. ಬೀದಿ ಬದಿಯ ತಳ್ಳುಗಾಡಿಯವರಿಗೆ 2020ರ ಜೂನ್‌ನಲ್ಲಿ ಶುರುವಾದ ಪಿಎಂ ಸ್ವನಿಧಿ ಯೋಜನೆಯಲ್ಲಿ 10,000 ರೂಪಾಯಿ ಸಾಲ ಸಿಕ್ಕಿತು. 2021ರ ಮೇನಲ್ಲಿ ರಾಜ್ಯ ಸರ್ಕಾರ ಬೀದಿ ವ್ಯಾಪಾರಿಗಳಿಗೆ 2,000 ರೂಪಾಯಿ ಪರಿಹಾರ ಘೋಷಿಸಿತು. ತಳ್ಳುಗಾಡಿಗಿಂತ ಸ್ವಲ್ಪ ದೊಡ್ಡದು, ಬ್ಯಾಂಕಿನ ಕಣ್ಣಿಗೆ ತೀರಾ ಸಣ್ಣದು ಎಂಬ ಮಟ್ಟದ ಎರಡು ಬೆಂಚಿನ ಹೋಟೆಲು ಈ ಎರಡರ ನಡುವೆ ಸಿಕ್ಕಿಕೊಂಡಿತು. ಅದನ್ನು ದಡ ಸೇರಿಸಿದ್ದು ಹೆಚ್ಚಾಗಿ ಗಿರಾಕಿಗಳೇ. ಮುಂಗಡ ಕೊಟ್ಟವರಿದ್ದರು, ಹಳೆಯ ಬಾಕಿಯನ್ನು ಹುಡುಕಿಕೊಂಡು ಬಂದು ತೀರಿಸಿದವರಿದ್ದರು. ತಿಂಡಿ ಬೇಡವಾದ ದಿನವೂ ಹೋಟೆಲು ತೆರೆದಿರಲಿ ಎಂದು ಎರಡು ಇಡ್ಲಿ ಕಟ್ಟಿಸಿಕೊಂಡು ಹೋದವರಿದ್ದರು. 2022ರ ಜನವರಿಯ ವಾರಾಂತ್ಯದ ಕರ್ಫ್ಯೂ ಹೊತ್ತಿಗೆ ಹೋಟೆಲಿನವರಿಗೂ ಗಿರಾಕಿಗೂ ಇದೆಲ್ಲ ಕರಗತವಾಗಿತ್ತು. ಆ ಸಲ ಯಾರೂ ಗಾಬರಿಯಾಗಲಿಲ್ಲ.

ಆ ಎರಡು ವರ್ಷಗಳಿಂದ ಉಳಿದದ್ದೇನು ಎಂದು ನೋಡಿದರೆ, ಗಲ್ಲಾದ ಮೇಲಿನ ಕ್ಯೂಆರ್ ಕೋಡ್ ಹಳ್ಳಿಯ ಹೋಟೆಲಿನಲ್ಲೂ ಉಳಿದಿದೆ. ಬಾಗಿಲಲ್ಲಿ ಬರೆದ ಫೋನ್ ನಂಬರು ಉಳಿದಿದೆ. ಹೆದ್ದಾರಿಯ ಕೆಲವು ಹೋಟೆಲುಗಳು ಪ್ರಯಾಣಿಕರ ನಂಬರು ಪಡೆದು ಸಂದೇಶ ಕಳಿಸುವ ಅಭ್ಯಾಸ ಇಟ್ಟುಕೊಂಡಿವೆ. ಕೈ ತೊಳೆಯುವ ಜಾಗ ಬಹುಪಾಲು ಕಡೆ ಸುಧಾರಿಸಿದೆ. ಮುಚ್ಚಿಯೇ ಹೋದ ಹೋಟೆಲುಗಳ ಜಾಗದಲ್ಲಿ ಮೊಬೈಲ್ ಅಂಗಡಿಗಳು, ಗೊಬ್ಬರದ ಅಂಗಡಿಗಳು ಬಂದಿವೆ. ಆ ಹೋಟೆಲುಗಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಎಂ.ಟಿ.ಆರ್.ನ ನೂರು ವರ್ಷದ ಚರಿತ್ರೆ ಬರೆಯುವವರು ಬೇಕಾದಷ್ಟು ಜನ ಸಿಗುತ್ತಾರೆ. ಕೊತ್ತಗೆರೆ, ಅಮೃತೂರು, ಹುಲಿಯೂರುದುರ್ಗದ ಎರಡು ಬೆಂಚಿನ ಹೋಟೆಲಿನ ಚರಿತ್ರೆಯನ್ನು ನಾವೇ ಬರೆಯಬೇಕು.

ಆದ್ದರಿಂದ ಓದುಗರಲ್ಲಿ ಎರಡು ಕೋರಿಕೆ. ಈ ಸೀಮೆಯಲ್ಲಿ ಹೋಟೆಲು ನಡೆಸಿದವರ ಮನೆಯಲ್ಲಿ 2020, 2021ರ ಲೆಕ್ಕದ ಪುಸ್ತಕಗಳು, ಪಾರ್ಸೆಲು ಪಟ್ಟಿಗಳು, ಬಾಗಿಲಿಗೆ ಅಂಟಿಸಿದ ಚೀಟಿಗಳು, ಆಗಿನ ಕೆಲಸಗಾರರ ಫೋಟೋಗಳು ಇದ್ದರೆ ರದ್ದಿಗೆ ಹಾಕಬೇಡಿ. ಒಂದು ಪ್ರತಿ ತೆಗೆದು ಊರಿನ ಗ್ರಂಥಾಲಯಕ್ಕೋ ಶಾಲೆಗೋ ಕೊಡಿ. ಮತ್ತೆ, ಆ ಪುಸ್ತಕಗಳ ಯಾವುದಾದರೂ ಪುಟದಲ್ಲಿ ನಿಮ್ಮ ಹೆಸರಿನ ಮುಂದೆ ಬಾಕಿ ಉಳಿದಿದ್ದರೆ, ಎಷ್ಟೇ ಚಿಕ್ಕ ಮೊತ್ತವಾಗಲಿ, ಹೋಗಿ ತೀರಿಸಿ ಬನ್ನಿ.